ವಿಲಿಯಂ ಗ್ರೋವ್ ಮತ್ತು ಪ್ಲಾಟಿನಮ್ ಪಟ್ಟಿ: ವಿಜ್ಞಾನ ತರಗತಿಗೊಂದು ಜೀವನಚಿತ್ರ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲೇ ನೀರಿನ ವಿದ್ಯುದ್ವಿಭಜನೆಯ ಚಟುವಟಿಕೆ ಬರುತ್ತದೆ. ಪ್ಲಾಸ್ಟಿಕ್ ಮಗ್ಗಿನ ತಳದಲ್ಲಿ ಎರಡು ರಂಧ್ರ ಮಾಡಿ, ರಬ್ಬರ್ ಬಿರಡೆಗಳಲ್ಲಿ ಕಾರ್ಬನ್ ದಂಡಗಳನ್ನು ನಿಲ್ಲಿಸಿ, ನೀರಿಗೆ ಕೆಲವು ಹನಿ ಆಮ್ಲ ಬೆರೆಸಿ, 6 ವೋಲ್ಟ್ ಬ್ಯಾಟರಿಗೆ ಜೋಡಿಸುತ್ತೇವೆ. ಒಂದು ಪ್ರನಾಳದಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಕ್ಸಿಜನ್ ತುಂಬಿಕೊಳ್ಳುತ್ತದೆ. ಸಮೀಕರಣ ಬರೆಸಿ, 2:1 ಅನುಪಾತ ಹೇಳಿ, ವಿಭಜನ ಕ್ರಿಯೆಗೆ ಇದು ಉದಾಹರಣೆ ಎಂದು ಪಾಠ ಮುಗಿಸುತ್ತೇವೆ.

ಆದರೆ ಪಾಠ ನಿಂತ ಜಾಗದಲ್ಲೇ ಒಂದು ಪ್ರಶ್ನೆ ಉಳಿದಿರುತ್ತದೆ. ವಿದ್ಯುತ್ ಕೊಟ್ಟಾಗ ನೀರು ಒಡೆದು ಎರಡು ಅನಿಲಗಳಾಗುವುದಾದರೆ, ಆ ಎರಡು ಅನಿಲಗಳು ಮತ್ತೆ ಸೇರಿ ನೀರಾಗುವಾಗ ಕೊಟ್ಟ ವಿದ್ಯುತ್ ಹಿಂದಕ್ಕೆ ಬರಬೇಕಲ್ಲವೇ? ಸುಮಾರು 185 ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಪ್ರಯೋಗದಿಂದಲೇ ಕೇಳಿ, ಪ್ರಯೋಗದಿಂದಲೇ ಉತ್ತರ ಪಡೆದವರು ವಿಲಿಯಂ ರಾಬರ್ಟ್ ಗ್ರೋವ್. ವೃತ್ತಿಯಿಂದ ವಕೀಲರಾಗಿದ್ದ ಅವರು ಮುಂದೆ ನ್ಯಾಯಾಧೀಶರೂ ಆದರು. ಇಂದು ಹೈಡ್ರೋಜನ್ ಕಾರುಗಳಲ್ಲಿ, ಬಾಹ್ಯಾಕಾಶ ನೌಕೆಗಳಲ್ಲಿ ಬಳಸುವ ಇಂಧನ ಕೋಶದ ಇತಿಹಾಸ ಆರಂಭವಾಗುವುದು ಅವರ ಪ್ರಯೋಗಗಳಿಂದ. ಅವರಿಗೆ ಎದುರಾದ ತೊಡಕೇ ಇಂದಿನ ಸಂಶೋಧಕರಿಗೂ ಎದುರಾಗಿದೆ ಎಂಬುದು ಅವರ ಜೀವನವನ್ನು ತರಗತಿಗೆ ತರಲು ನನಗೆ ಸಿಕ್ಕ ಮುಖ್ಯ ಕಾರಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೋವ್ 1811ರ ಜುಲೈ 11ರಂದು ವೇಲ್ಸ್ ಪ್ರಾಂತದ ಸ್ವಾನ್‌ಸಿ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಆ ಕಾಲಕ್ಕೆ ಸ್ವಾನ್‌ಸಿ ತಾಮ್ರ ಕರಗಿಸುವ ಕುಲುಮೆಗಳಿಗೆ ಹೆಸರಾದ ಊರು. ಲೋಹ, ಆಮ್ಲ, ಹೊಗೆ ಇವೆಲ್ಲ ಅಲ್ಲಿನ ಜನರ ದಿನನಿತ್ಯದ ಬದುಕಿನಲ್ಲಿ ಬೆರೆತಿದ್ದವು. ಮನೆಯವರು ಅನುಕೂಲಸ್ಥರು. ಗ್ರೋವ್ ಆಕ್ಸ್‌ಫರ್ಡ್‌ನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಓದಿದರು. ಬಳಿಕ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಕಾನೂನು ಕಲಿತು 1835ರಲ್ಲಿ ವಕೀಲರಾದರು.

ವಕೀಲಿ ಆರಂಭಿಸಿದ ಸ್ವಲ್ಪ ಕಾಲದಲ್ಲೇ ಅವರ ಆರೋಗ್ಯ ಕೆಟ್ಟಿತು. ನ್ಯಾಯಾಲಯದ ಓಡಾಟ ಕಡಿಮೆಯಾಗಿ, ಚಿಕ್ಕಂದಿನಿಂದಲೂ ಇಷ್ಟವಾಗಿದ್ದ ವಿಜ್ಞಾನಕ್ಕೆ ಸಮಯ ಸಿಕ್ಕಿತು. 1837ರಲ್ಲಿ ಎಮ್ಮಾ ಪೌಲ್ಸ್ ಅವರನ್ನು ವಿವಾಹವಾದರು. ಸ್ವಾನ್‌ಸಿಯಲ್ಲಿ ಆಗಷ್ಟೇ ಬೆಳೆಯುತ್ತಿದ್ದ ವಿಜ್ಞಾನ ಸಂಸ್ಥೆಯ ಕೆಲಸದಲ್ಲೂ ಭಾಗವಹಿಸಿದರು. ಈ ಬಿಡುವಿನ ವರ್ಷಗಳಲ್ಲೇ ಅವರ ಎರಡು ಮುಖ್ಯ ಶೋಧಗಳು ರೂಪ ತಳೆದವು.

ಮೊದಲ ಬ್ಯಾಟರಿ

ವೋಲ್ಟಾ 1800ರಲ್ಲಿ ಬ್ಯಾಟರಿಯನ್ನು ಲೋಕಕ್ಕೆ ಪರಿಚಯಿಸಿದ್ದರು. ಆದರೆ ಅಂದಿನ ಬ್ಯಾಟರಿಗಳು ಬಳಸುತ್ತಾ ಹೋದಂತೆ ಬೇಗ ಸೋಲುತ್ತಿದ್ದವು. 1839ರಲ್ಲಿ ಗ್ರೋವ್ ಒಂದು ಹೊಸ ಕೋಶ ರಚಿಸಿದರು. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಸತು, ಸಾರೀಕೃತ ನೈಟ್ರಿಕ್ ಆಮ್ಲದಲ್ಲಿ ಪ್ಲಾಟಿನಮ್, ಎರಡರ ನಡುವೆ ರಂಧ್ರಮಯ ಮಣ್ಣಿನ ಪಾತ್ರೆ. ಸುಮಾರು 1.9 ವೋಲ್ಟ್ ಕೊಡುತ್ತಿದ್ದ ಈ ಕೋಶದಿಂದ ಬಲವಾದ ವಿದ್ಯುತ್ ಪ್ರವಾಹ ಬರುತ್ತಿತ್ತು. ಅಮೆರಿಕದ ಆರಂಭದ ತಂತಿ ಕಚೇರಿಗಳು ಇದನ್ನೇ ಬಳಸಿದವು. ಇದಕ್ಕೆ ಎರಡು ಕುಂದುಗಳಿದ್ದವು. ಕೋಶದಿಂದ ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಏಳುತ್ತಿತ್ತು, ಜೊತೆಗೆ ಪ್ಲಾಟಿನಮ್ ದುಬಾರಿ ಲೋಹ. ಎರಡೇ ವರ್ಷಗಳಲ್ಲಿ ಜರ್ಮನಿಯ ಬುನ್ಸೆನ್ ಪ್ಲಾಟಿನಮ್ ಇದ್ದ ಜಾಗದಲ್ಲಿ ಕಾರ್ಬನ್ ಇಟ್ಟು ಇದೇ ಕೋಶವನ್ನು ಅಗ್ಗವಾಗಿಸಿದರು. ನಮ್ಮ ಪ್ರಯೋಗಾಲಯದ ಬುನ್ಸೆನ್ ದೀಪದಿಂದ ಮಕ್ಕಳಿಗೆ ಪರಿಚಿತರಾದವರೇ ಈ ಬುನ್ಸೆನ್. ಪ್ಲಾಟಿನಮ್ ಬೇಕು, ಆದರೆ ಕಡಿಮೆ ಸಾಕಾಗಬೇಕು ಎಂಬ ಒತ್ತಾಯ ಹೀಗೆ ಅಂದಿನಿಂದಲೇ ಇತ್ತು.

ಈ ಕೋಶ ಗ್ರೋವ್ ಅವರಿಗೆ ಹೆಸರು ತಂದಿತು. 1840ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1841ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಪ್ರಾಯೋಗಿಕ ವಿಜ್ಞಾನದ ಪ್ರಾಧ್ಯಾಪಕರಾದರು. ಅಲ್ಲಿ ಸಾರ್ವಜನಿಕರ ಮುಂದೆ ಪ್ರಯೋಗ ಮಾಡಿ ತೋರಿಸುತ್ತಾ ಉಪನ್ಯಾಸ ಕೊಡುವುದು ಅವರ ಕೆಲಸವಾಗಿತ್ತು. ಒಂದರ್ಥದಲ್ಲಿ ಅವರು ನಮ್ಮ ಹಾಗೆಯೇ ಬೋಧಕರು.

ಪ್ಲಾಟಿನಮ್ ಏಕೆ?

ಗ್ರೋವ್ ಅವರ ಮುಂದಿನ ಪ್ರಯೋಗ ಅರ್ಥವಾಗಬೇಕಾದರೆ ಪ್ಲಾಟಿನಮ್‌ನ ಒಂದು ಗುಣ ತಿಳಿದಿರಬೇಕು. ಹೈಡ್ರೋಜನ್ ಮತ್ತು ಆಕ್ಸಿಜನ್ ಬೆರೆಸಿ ಸುಮ್ಮನೆ ಇಟ್ಟರೆ ಕೋಣೆಯ ತಾಪದಲ್ಲಿ ಏನೂ ಆಗದು. ಕಿಡಿ ತಾಗಿಸಿದರೆ ಸಿಡಿಯುತ್ತದೆ. ಆದರೆ ಜರ್ಮನಿಯ ಡೋಬರೈನರ್ 1823ರಲ್ಲಿ, ಸ್ಪಂಜಿನಂತಹ ಪ್ಲಾಟಿನಮ್ ಮೇಲೆ ಹೈಡ್ರೋಜನ್ ಹಾಯಿಸಿದರೆ ಕಿಡಿಯಿಲ್ಲದೆಯೇ ಅದು ಗಾಳಿಯಲ್ಲಿ ಹೊತ್ತಿಕೊಳ್ಳುತ್ತದೆ ಎಂದು ತೋರಿಸಿದರು. ಧಾತುಗಳ ವರ್ಗೀಕರಣ ಪಾಠದಲ್ಲಿ ತ್ರಿವಳಿಗಳಿಗಾಗಿ ನಾವು ನೆನೆಯುವ ಡೋಬರೈನರ್ ಇವರೇ. ಕ್ರಿಯೆಯ ವೇಗ ಹೆಚ್ಚಿಸಿ, ತಾನು ಮಾತ್ರ ಖರ್ಚಾಗದೆ ಉಳಿಯುವ ವಸ್ತುವಿನ ಈ ವಿದ್ಯಮಾನಕ್ಕೆ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಹೆಸರು ಕೊಟ್ಟರು. ನಾವು ಅದನ್ನು ಕ್ರಿಯಾವರ್ಧನೆ ಎನ್ನುತ್ತೇವೆ.

ಇದೇ ವೇಳೆಗೆ ಫ್ಯಾರಡೆ, ಪ್ಲಾಟಿನಮ್ ಈ ಕೆಲಸ ಮಾಡಬೇಕಾದರೆ ಅದರ ಮೇಲ್ಮೈ ಶುದ್ಧವಾಗಿರಬೇಕು, ಕಾರ್ಬನ್ ಮಾನಾಕ್ಸೈಡ್‌ನಂತಹ ಅನಿಲ ಬೆರೆತರೆ ಕೆಲಸ ಕುಂಠಿತವಾಗುತ್ತದೆ ಎಂದು ಕಂಡುಕೊಂಡಿದ್ದರು. ಅಂದರೆ ಕೆಲಸವೆಲ್ಲ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಒಳಗಿನ ಲೋಹ ಸುಮ್ಮನೆ ಕುಳಿತಿರುತ್ತದೆ.

ಅನಿಲ ಬ್ಯಾಟರಿ

1839ರ ಆರಂಭದಲ್ಲಿ ಗ್ರೋವ್ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಎರಡು ನಳಿಕೆಗಳನ್ನು ಬೋರಲಾಗಿ ನಿಲ್ಲಿಸಿದರು. ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಆಕ್ಸಿಜನ್. ಪ್ರತಿ ನಳಿಕೆಯಲ್ಲೂ ಒಂದೊಂದು ಪ್ಲಾಟಿನಮ್ ಪಟ್ಟಿ, ಅದರ ಅರ್ಧ ಭಾಗ ಅನಿಲದಲ್ಲಿ, ಅರ್ಧ ಭಾಗ ಆಮ್ಲದಲ್ಲಿ. ಎರಡು ಪಟ್ಟಿಗಳನ್ನು ಗ್ಯಾಲ್ವನೋಮೀಟರ್‌ಗೆ ಸೇರಿಸಿದಾಗ ಮುಳ್ಳು ಓಡಿತು, ಹಾಗೆಯೇ ನಿಂತಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಕೂಡ ಪ್ಲಾಟಿನಮ್ ಮತ್ತು ಈ ಅನಿಲಗಳ ವಿದ್ಯುತ್ ಪರಿಣಾಮವನ್ನು ಪ್ರಕಟಿಸಿದ್ದರು. ಮುಂದೆ ಓಜೋನ್ ಕಂಡುಹಿಡಿದವರು ಅವರೇ. ಹಾಗಾಗಿ ಈ ಶೋಧದ ಕೀರ್ತಿಯಲ್ಲಿ ಇಬ್ಬರಿಗೂ ಪಾಲು ಕೊಡುವುದು ನ್ಯಾಯ. ಅವರಿಬ್ಬರೂ ಇದಕ್ಕಾಗಿ ಜಗಳವಾಡಲಿಲ್ಲ, ಪತ್ರ ಬರೆದುಕೊಳ್ಳುವ ಸ್ನೇಹಿತರಾದರು. ಆದರೆ ಆ ಪರಿಣಾಮವನ್ನು ಕೆಲಸ ಮಾಡುವ ಬ್ಯಾಟರಿಯಾಗಿ ಬೆಳೆಸಿದವರು ಗ್ರೋವ್.

1842ರ ಅಕ್ಟೋಬರ್‌ನಲ್ಲಿ ಅವರು ಫ್ಯಾರಡೆಗೆ ಪತ್ರ ಬರೆದು ತಮ್ಮ ಹೊಸ ಉಪಕರಣದ ವಿಷಯ ತಿಳಿಸಿದರು. ಆ ವರ್ಷದ ಕೊನೆಗೆ ಅದರ ವಿವರ ಪ್ರಕಟವಾಯಿತು. 50 ಜೋಡಿ ನಳಿಕೆಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಐದು ಜನ ಕೈ ಕೈ ಹಿಡಿದು ನಿಂತರೆ ಐವರಿಗೂ ಆಘಾತ ತಾಗುತ್ತಿತ್ತು. ಇದ್ದಿಲ ತುದಿಗಳ ನಡುವೆ ಹಗಲಿನಲ್ಲೂ ಕಾಣುವ ಕಿಡಿ ಹಾರುತ್ತಿತ್ತು. ನಳಿಕೆಗಳಲ್ಲಿ ಆಕ್ಸಿಜನ್ ಎಷ್ಟು ಕಡಿಮೆಯಾಗುತ್ತಿತ್ತೋ ಅದರ ಎರಡರಷ್ಟು ಹೈಡ್ರೋಜನ್ ಕಡಿಮೆಯಾಗುತ್ತಿತ್ತು. ನಮ್ಮ ಮಗ್ಗಿನ ಪ್ರಯೋಗದ 2:1 ಇಲ್ಲಿ ಹಿಮ್ಮುಖವಾಗಿ ಕಾಣಿಸಿಕೊಂಡಿತ್ತು.

ಗ್ರೋವ್ ಇಷ್ಟಕ್ಕೆ ನಿಲ್ಲಲಿಲ್ಲ. ಈ ಬ್ಯಾಟರಿಯ ವಿದ್ಯುತ್ತನ್ನು ಇನ್ನೊಂದು ಪಾತ್ರೆಯ ಆಮ್ಲೀಯ ನೀರಿಗೆ ಹಾಯಿಸಿ ಆ ನೀರನ್ನೇ ವಿಭಜಿಸಿ ತೋರಿಸಿದರು. ಒಂದು ಕಡೆ ಅನಿಲಗಳು ಸೇರಿ ನೀರಾಗುತ್ತಿದ್ದವು, ಇನ್ನೊಂದು ಕಡೆ ಅದೇ ಬಲದಿಂದ ನೀರು ಒಡೆದು ಅನಿಲಗಳಾಗುತ್ತಿತ್ತು. ಜೊತೆಗೆ ನಿಯಂತ್ರಿತ ಪ್ರಯೋಗಗಳನ್ನೂ ಮಾಡಿದರು. ಹೈಡ್ರೋಜನ್ ಮತ್ತು ಕ್ಲೋರಿನ್ ಇಟ್ಟಾಗ ಪರಿಣಾಮ ಬಲವಾಗಿತ್ತು. ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಇಟ್ಟಾಗ ಏನೂ ಆಗಲಿಲ್ಲ. ವಿದ್ಯುತ್ ಬರುತ್ತಿರುವುದು ಅನಿಲಗಳ ರಾಸಾಯನಿಕ ಸಂಯೋಗದಿಂದಲೇ ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು.

ಎರಡರ ಬದಲು ಇಪ್ಪತ್ತಾರು

ನೀರನ್ನು ವಿಭಜಿಸಲು ಕನಿಷ್ಠ 26 ಜೋಡಿ ಬೇಕು ಎಂದು ಗ್ರೋವ್ ಗಮನಿಸಿದ್ದರು. ಇದು ಸಣ್ಣ ಮಾಹಿತಿಯಂತೆ ಕಂಡರೂ ಇಡೀ ಕಥೆಯ ತಿರುಳು ಇದರಲ್ಲಿದೆ. ಹೈಡ್ರೋಜನ್–ಆಕ್ಸಿಜನ್ ಕೋಶವೊಂದು ತಾತ್ವಿಕವಾಗಿ 1.23 ವೋಲ್ಟ್ ಕೊಡಬೇಕು. ನೀರನ್ನು ವಿಭಜಿಸಲು ಸುಮಾರು 2 ವೋಲ್ಟ್ ಸಾಕು. ಹಾಗಿದ್ದರೆ ಎರಡು, ಹೆಚ್ಚೆಂದರೆ ಮೂರು ಕೋಶಗಳಲ್ಲಿ ಕೆಲಸ ಆಗಬೇಕಿತ್ತು. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಗ್ರೋವ್ ಇದಕ್ಕೆ ಸರಿಯಾದ ಜಾಗದಲ್ಲಿ ಉತ್ತರ ಹುಡುಕಿದರು. ಕ್ರಿಯೆ ನಡೆಯಲು ಮೂರು ವಸ್ತುಗಳು ಒಂದೆಡೆ ಸೇರಬೇಕು: ಅನಿಲ, ದ್ರವ, ಪ್ಲಾಟಿನಮ್. ಪಟ್ಟಿಯಲ್ಲಿ ಇವು ಮೂರೂ ಸೇರುವುದು ದ್ರವದ ಮಟ್ಟ ಪಟ್ಟಿಗೆ ತಾಗುವ ಒಂದು ತೆಳು ಗೆರೆಯಲ್ಲಿ ಮಾತ್ರ. ಮೇಲಿನ ಪ್ಲಾಟಿನಮ್‌ಗೆ ದ್ರವ ಸಿಗದು, ಕೆಳಗಿನದಕ್ಕೆ ಅನಿಲ ಸಿಗದು. ಆದ್ದರಿಂದ ಕೋಶದಿಂದ ವಿದ್ಯುತ್ ಪ್ರವಾಹ ಪಡೆಯಲು ಹೋದ ಕೂಡಲೇ ವೋಲ್ಟೇಜ್ ಕುಸಿಯುತ್ತಿತ್ತು. ಈ ಗೆರೆಯನ್ನು ಅಗಲವಾಗಿಸುವುದು ಹೇಗೆ ಎಂದು ಯೋಚಿಸಿ, ಅವರು ನುಣುಪಾದ ಪಟ್ಟಿಯ ಮೇಲೆ ಪ್ಲಾಟಿನಮ್‌ನ ಕಪ್ಪು ಪುಡಿಯ ಲೇಪ ಕೊಟ್ಟರು. ಒರಟು ಲೇಪದ ಸಂದುಗಳಲ್ಲಿ ದ್ರವ ಮೇಲೇರಿ ತೆಳುವಾಗಿ ಹರಡುತ್ತದೆ, ಅನಿಲವೂ ಅಲ್ಲಿಗೆ ತಲುಪುತ್ತದೆ. ಅಷ್ಟೇ ಲೋಹದಲ್ಲಿ ಕೆಲಸದ ಜಾಗ ಹೆಚ್ಚಾಯಿತು. ಇಂದಿನ ಸಂಶೋಧಕರು ಪ್ಲಾಟಿನಮ್ ಕ್ರಿಯಾವರ್ಧಕವನ್ನು ಉತ್ತಮಪಡಿಸಲು ಮಾಡುತ್ತಿರುವ ಕೆಲಸದ ಮೊದಲ ಹೆಜ್ಜೆ ಈ ಲೇಪ.

ಶಕ್ತಿಗಳ ಸಂಬಂಧ, ಮತ್ತೆ ವಕೀಲಿ

ಅನಿಲ ಬ್ಯಾಟರಿಯ ಹಿಂದೆ ಗ್ರೋವ್ ಅವರ ಮನಸ್ಸಿನಲ್ಲಿ ದೊಡ್ಡ ವಿಚಾರವೊಂದಿತ್ತು. ಉಷ್ಣ, ಬೆಳಕು, ವಿದ್ಯುತ್, ಕಾಂತತೆ, ರಾಸಾಯನಿಕ ಬಲ, ಚಲನೆ ಇವೆಲ್ಲ ಒಂದರಿಂದ ಇನ್ನೊಂದಕ್ಕೆ ಬದಲಾಗಬಲ್ಲವು ಎಂದು ಅವರು 1842ರಲ್ಲೇ ಉಪನ್ಯಾಸದಲ್ಲಿ ಹೇಳಿದರು. 1846ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಶಕ್ತಿ ಸಂರಕ್ಷಣಾ ನಿಯಮ ಸ್ಪಷ್ಟ ರೂಪ ಪಡೆಯುತ್ತಿದ್ದ ದಿನಗಳವು. ಅದೇ ವರ್ಷ, ಕಾಯಿಸಿದ ಪ್ಲಾಟಿನಮ್ ನೀರಿನ ಆವಿಯನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಬಲ್ಲದು ಎಂದೂ ತೋರಿಸಿದರು. ಅನಿಲಗಳನ್ನು ಸೇರಿಸುವ ಲೋಹವೇ ತಾಪ ಹೆಚ್ಚಾದಾಗ ಅವನ್ನು ಬೇರ್ಪಡಿಸುವ ಕ್ರಿಯೆಯಲ್ಲೂ ಕಾಣಿಸಿಕೊಂಡಿತು. 1847ರಲ್ಲಿ ಅವರಿಗೆ ರಾಯಲ್ ಸೊಸೈಟಿಯ ರಾಯಲ್ ಪದಕ ದೊರೆಯಿತು. ಆ ಸೊಸೈಟಿಯ ಸದಸ್ಯತ್ವ ಗಣ್ಯರಿಗೆ ಸಲ್ಲುವ ಗೌರವವಾಗಿ ಉಳಿಯಬಾರದು, ವಿಜ್ಞಾನದ ಕೆಲಸ ಮಾಡಿದವರಿಗೆ ಸಲ್ಲಬೇಕು ಎಂಬ ಸುಧಾರಣೆಯಲ್ಲೂ ಅವರು ಮುಂದಾಳಾಗಿದ್ದರು.

ಆದರೆ ಕುಟುಂಬ ಬೆಳೆಯುತ್ತಿತ್ತು, ಪ್ರಾಧ್ಯಾಪಕ ಹುದ್ದೆಯ ಆದಾಯ ಸಾಲುತ್ತಿರಲಿಲ್ಲ. 1846ರಲ್ಲಿ ಹುದ್ದೆ ಬಿಟ್ಟು ವಕೀಲಿಗೆ ಮರಳಿದರು. ಪೇಟೆಂಟ್ ಮೊಕದ್ದಮೆಗಳಲ್ಲಿ ಅವರ ವಿಜ್ಞಾನದ ತಿಳಿವಳಿಕೆ ನೆರವಾಯಿತು. 1853ರಲ್ಲಿ ರಾಣಿಯ ಹಿರಿಯ ವಕೀಲರೆಂಬ ಪದವಿ, 1871ರಲ್ಲಿ ನ್ಯಾಯಾಧೀಶ ಹುದ್ದೆ, ಮರುವರ್ಷ ಸರ್ ಪದವಿ ದೊರೆತವು. ನಡುವೆ 1866ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ನಾಟಿಂಗ್‌ಹ್ಯಾಮ್ ಅಧಿವೇಶನದ ಅಧ್ಯಕ್ಷರಾಗಿದ್ದರು. 1887ರಲ್ಲಿ ನಿವೃತ್ತರಾಗಿ, 1896ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ನಿಧನರಾದರು. ಅಷ್ಟರಲ್ಲಿ ಡೈನಮೊ ಯಂತ್ರಗಳು ಅಗ್ಗವಾಗಿ ವಿದ್ಯುತ್ ಕೊಡತೊಡಗಿದ್ದವು. ಅನಿಲ ಬ್ಯಾಟರಿ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು.

ಗ್ರೋವ್ ನಂತರ ಅದೇ ಪ್ರಶ್ನೆ

1889ರಲ್ಲಿ ಮಾಂಡ್ ಮತ್ತು ಲ್ಯಾಂಗರ್ ಎಂಬವರು ರಂಧ್ರಗಳಿದ್ದ ತೆಳು ಪ್ಲಾಟಿನಮ್ ಹಾಳೆಗೆ ಕಪ್ಪು ಪ್ಲಾಟಿನಮ್ ಲೇಪಿಸಿ, ಆಮ್ಲ ಹೀರಿದ ರಂಧ್ರಮಯ ಹಲಗೆಯ ಎರಡು ಬದಿಗೆ ಒತ್ತಿಟ್ಟು ಕೋಶ ಮಾಡಿದರು. ಗ್ರೋವ್ ಕಂಡ ಗೆರೆ ಈಗ ಹಲಗೆಯಗಲಕ್ಕೂ ಹರಡಿತು. ಆದರೂ ಪ್ಲಾಟಿನಮ್ ಬೆಲೆ ದಾರಿಗೆ ಅಡ್ಡ ನಿಂತಿತು. 1965ರಲ್ಲಿ ಅಮೆರಿಕದ ಜೆಮಿನಿ 5 ನೌಕೆ ಗಗನಯಾತ್ರಿಗಳೊಂದಿಗೆ ಇಂಧನ ಕೋಶವನ್ನು ಹೊತ್ತೊಯ್ದಿತು. ಅದರಲ್ಲಿ ದ್ರವ ಆಮ್ಲದ ಬದಲು ಪಾಲಿಮರ್ ಪೊರೆ ಇತ್ತು. ಬಾಹ್ಯಾಕಾಶದಲ್ಲಿ ಬೆಲೆಯ ಚಿಂತೆ ಇರಲಿಲ್ಲ, ಕಾರಿಗೆ ಮಾತ್ರ ಅದು ಹೊಂದುವಂತಿರಲಿಲ್ಲ.

1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ದೊಡ್ಡ ಬದಲಾವಣೆಯಾಯಿತು. ಪ್ಲಾಟಿನಮ್‌ನ ಅತಿಸೂಕ್ಷ್ಮ ಕಣಗಳನ್ನು ಕಾರ್ಬನ್ ಪುಡಿಯ ಮೇಲೆ ಕೂರಿಸಿ, ಅದಕ್ಕೆ ಪೊರೆಯ ಪಾಲಿಮರ್‌ನ ದ್ರಾವಣವನ್ನೇ ಇಂಗಿಸಿದರು. ಪ್ರತಿ ಕಣಕ್ಕೂ ಅನಿಲ, ಅಯಾನು ಸಾಗುವ ದಾರಿ, ಎಲೆಕ್ಟ್ರಾನ್ ಸಾಗುವ ದಾರಿ ಮೂರೂ ದೊರೆತವು. ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಿದ್ದ ಪ್ಲಾಟಿನಮ್ 0.4 ಮಿಲಿಗ್ರಾಂಗೆ ಇಳಿಯಿತು.

ಇನ್ನೂ ಎರಡು ತೊಡಕುಗಳು ಉಳಿದಿವೆ. ಒಂದು, ಆಕ್ಸಿಜನ್ ಕಡೆಯ ಕ್ರಿಯೆ ಹೈಡ್ರೋಜನ್ ಕಡೆಯದಕ್ಕಿಂತ ಬಹಳ ನಿಧಾನ. ಪ್ಲಾಟಿನಮ್ ಆಕ್ಸಿಜನ್ ಪರಮಾಣುವನ್ನು ತುಸು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಿಕ್ಕಲ್ ಅಥವಾ ಕೋಬಾಲ್ಟ್ ಬೆರೆಸಿದರೆ ಆ ಹಿಡಿತ ಸ್ವಲ್ಪ ಸಡಿಲಗೊಂಡು ಕ್ರಿಯೆ ಚುರುಕಾಗುತ್ತದೆ. ಪ್ಲಾಟಿನಮ್–ನಿಕ್ಕಲ್ ಮಿಶ್ರಲೋಹದ ಸ್ಫಟಿಕದ ಒಂದು ಮುಖ, ಶುದ್ಧ ಪ್ಲಾಟಿನಮ್‌ನ ಅದೇ ಬಗೆಯ ಮುಖಕ್ಕಿಂತ ಹತ್ತು ಪಟ್ಟು ಚುರುಕು ಎಂದು 2007ರಲ್ಲಿ ಪ್ರಕಟವಾಯಿತು. 2014ರಲ್ಲಿ ಬಂದ ಟೊಯೋಟಾ ಮಿರಾಯ್ ಕಾರಿನ ಇಂಧನ ಕೋಶದಲ್ಲಿ ಪ್ಲಾಟಿನಮ್–ಕೋಬಾಲ್ಟ್ ಮಿಶ್ರಲೋಹ ಬಳಸಿದರು.

ಎರಡನೆಯದು ಬಾಳಿಕೆ. ಕಣ ಚಿಕ್ಕದಾದಷ್ಟೂ ಮೇಲ್ಮೈ ಹೆಚ್ಚು, ಆದರೆ ಅದು ಅಷ್ಟೇ ಅಸ್ಥಿರ. ಕಾರು ನಿಂತು ಹೊರಡುವಾಗ ವೋಲ್ಟೇಜ್ ಏರಿಳಿಯುತ್ತದೆ. ಆಗ ಸಣ್ಣ ಕಣಗಳು ನಿಧಾನವಾಗಿ ಕರಗಿ ದೊಡ್ಡ ಕಣಗಳ ಮೇಲೆ ಕೂಡುತ್ತವೆ, ಕಾರ್ಬನ್ ಆಧಾರವೂ ಸವೆಯುತ್ತದೆ. ಫ್ಯಾರಡೆ ಕಂಡ ಕಾರ್ಬನ್ ಮಾನಾಕ್ಸೈಡ್ ತೊಂದರೆ ಇಂದಿಗೂ ಹಾಗೆಯೇ ಇದೆ. ಆದ್ದರಿಂದ ಹೈಡ್ರೋಜನ್ ಬಹಳ ಶುದ್ಧವಾಗಿರಬೇಕು. ಕಡಿಮೆ ಪ್ಲಾಟಿನಮ್, ಹೆಚ್ಚು ಚುರುಕು, ಹೆಚ್ಚು ಬಾಳಿಕೆ ಈ ಮೂರನ್ನೂ ಒಟ್ಟಿಗೆ ಸಾಧಿಸುವುದೇ ಇಂದಿನ ಸವಾಲು. ನಮ್ಮ ಇಸ್ರೋ ಕೂಡ 2024ರ ಜನವರಿಯಲ್ಲಿ ಪಿಎಸ್‌ಎಲ್‌ವಿ ಸಿ58 ಜೊತೆ ಹೋದ ವೇದಿಕೆಯಲ್ಲಿ ಪಾಲಿಮರ್ ಪೊರೆಯ ಇಂಧನ ಕೋಶವನ್ನು ಕಕ್ಷೆಯಲ್ಲಿ ಪರೀಕ್ಷಿಸಿತು.

ತರಗತಿಯಲ್ಲಿ ಬಳಸುವ ಬಗೆ

ಈ ಜೀವನಚಿತ್ರವನ್ನು ಪ್ರತ್ಯೇಕ ಪಾಠವಾಗಿ ಹೇಳುವ ಬದಲು ವಿದ್ಯುದ್ವಿಭಜನೆಯ ಚಟುವಟಿಕೆಗೆ ಜೋಡಿಸಬಹುದು. ಮೂರು ಹಂತಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಹಿಮ್ಮುಖ ಪ್ರಯೋಗ. ಐದು ನಿಮಿಷ ವಿದ್ಯುದ್ವಿಭಜನೆ ನಡೆಸಿದ ನಂತರ ಬ್ಯಾಟರಿ ತೆಗೆದು, ಅದೇ ಎರಡು ಕಾರ್ಬನ್ ದಂಡಗಳಿಗೆ ಒಂದು ರೋಧಕದ ಮೂಲಕ ಗ್ಯಾಲ್ವನೋಮೀಟರ್ ಜೋಡಿಸಬೇಕು. ದಂಡಗಳಿಗೆ ಅಂಟಿಕೊಂಡ ಅನಿಲದಿಂದ ಮುಳ್ಳು ವಿರುದ್ಧ ದಿಕ್ಕಿಗೆ ಓಡಿ, ನಿಧಾನವಾಗಿ ಸೊನ್ನೆಗೆ ಮರಳುತ್ತದೆ. ಅಭ್ಯಾಸ ಬೋಧನೆಯಲ್ಲಿ ಇದನ್ನು ತೋರಿಸಿದಾಗ ಒಬ್ಬ ವಿದ್ಯಾರ್ಥಿನಿ ನೀರೇ ಬ್ಯಾಟರಿ ಆಯಿತಾ ಎಂದು ಕೇಳಿದಳು. ನೀರು ಅಲ್ಲ, ಅನಿಲಗಳು ಎಂಬ ಉತ್ತರವನ್ನು ತರಗತಿಯೇ ಚರ್ಚಿಸಿ ಕಂಡುಕೊಂಡಿತು. ಮುಳ್ಳು ಏಕೆ ಬೇಗ ಸೊನ್ನೆಗೆ ಬಂತು ಎಂಬ ಮುಂದಿನ ಪ್ರಶ್ನೆ ನೇರವಾಗಿ ಗ್ರೋವ್ ಬಳಿಗೆ ಕರೆದೊಯ್ಯುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಕೂಡದು.

ಎರಡನೆಯದು, ಮೇಲ್ಮೈ ಲೆಕ್ಕ. 1 ಸೆಂಟಿಮೀಟರ್ ಬಾಹುವಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು 1 ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ 60 ಚದರ ಸೆಂಟಿಮೀಟರ್. ಇದೇ ಲೆಕ್ಕವನ್ನು ಮುಂದುವರಿಸಿ 1 ಗ್ರಾಂ ಪ್ಲಾಟಿನಮನ್ನು 3 ನ್ಯಾನೋಮೀಟರ್ ವ್ಯಾಸದ ಗೋಳಗಳಾಗಿ ಮಾಡಿದರೆ ಒಟ್ಟು ಮೇಲ್ಮೈ ಸುಮಾರು 93 ಚದರ ಮೀಟರ್ ಆಗುತ್ತದೆ. 8 ಮೀಟರ್ ಉದ್ದ, 6 ಮೀಟರ್ ಅಗಲದ ಎರಡು ತರಗತಿ ಕೋಣೆಗಳ ನೆಲದಷ್ಟು. ಗಣಿತ ಶಿಕ್ಷಕರ ಜೊತೆ ಸೇರಿ ಮಾಡಿಸಬಹುದಾದ ಲೆಕ್ಕ ಇದು.

ಮೂರನೆಯದು, ಮೌಲ್ಯಮಾಪನ. ಗ್ರೋವ್ ಯಾವ ವರ್ಷ ಜನಿಸಿದರು ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಹೀಗೆ ಕೇಳಬಹುದು: ಎರಡು ಮೂರು ಕೋಶಗಳು ಸಾಕಾಗಬೇಕಿದ್ದಲ್ಲಿ ಗ್ರೋವ್ ಅವರಿಗೆ 26 ಏಕೆ ಬೇಕಾದವು? ಕೋಶದಲ್ಲಿ ನೈಟ್ರೋಜನ್ ಇಟ್ಟು ನೋಡಿದ್ದು ಏಕೆ? ಪ್ಲಾಟಿನಮ್ ಖರ್ಚಾಗದ ಕ್ರಿಯಾವರ್ಧಕವಾದರೂ ಇಂಧನ ಕೋಶ ಏಕೆ ಹಳತಾಗುತ್ತದೆ? ಮೊದಲ ಎರಡು ಪ್ರಶ್ನೆಗಳಿಗೆ ಹತ್ತನೆಯ ತರಗತಿಯ ವಿದ್ಯಾರ್ಥಿ ತಾನೇ ಯೋಚಿಸಿ ಉತ್ತರ ಬರೆಯಬಲ್ಲ. ಮೂರನೆಯದಕ್ಕೆ ಪ್ರಪಂಚದ ಹಲವು ಪ್ರಯೋಗಾಲಯಗಳು ಇಂದಿಗೂ ಕೆಲಸ ಮಾಡುತ್ತಿವೆ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.